ಬೆನ್ನ ಹಿಂದೆ ಓಡಿ ಗೆದ್ದರೆ ಅದು ಗೆಲುವಲ್ಲವೇ?

ಧಾರವಾಡದ ಓದುಗರೊಬ್ಬರ ಪತ್ರ: “1997ರ ಅಥೆನ್ಸ್ ವಿಶ್ವ ಚಾಂಪಿಯನ್‌ಷಿಪ್ ಮ್ಯಾರಥಾನ್‌ನಲ್ಲಿ ಸ್ಪೇನ್‌ನ ಮಾರ್ಟಿನ್ ಫಿಸ್ ಮುಂದೆ ಓಡಿ ದಣಿದರು. ಬೆನ್ನಿಗಂಟಿಕೊಂಡು ಬಂದ ಆಬೆಲ್ ಆಂಟೊನ್ ಕೊನೆಯಲ್ಲಿ ದಾಟಿಹೋದರು. ಇವರನ್ನು ದೊಡ್ಡ ಓಟಗಾರ ಎನ್ನುವುದು ಹೇಗೆ? ಎತ್ತರದ ಊರಿನವರಾದ್ದರಿಂದ ಆ ದಮ್ಮು ಬಂತೇ? ನನಗೆ 33 ವರ್ಷ, 10 ಕಿ.ಮೀ. ಓಟಕ್ಕೆ 42 ನಿಮಿಷ ಬೇಕು. ಈಗ ಮ್ಯಾರಥಾನ್‌ಗೆ ಇಳಿದರೆ ತಡವಾಯಿತೇ?”

ಮಾನ್ಯರೇ,

ಕೊನೆಯ ಪ್ರಶ್ನೆಗೆ ಆಂಟೊನ್ ಅವರ ವಯಸ್ಸೇ ಉತ್ತರ ಹೇಳುತ್ತದೆ. 1962ರ ಅಕ್ಟೋಬರ್‌ನಲ್ಲಿ ಸ್ಪೇನ್‌ನ ಸೋರಿಯಾ ಪ್ರಾಂತ್ಯದ ಓಹುವೆಲ್ ಎಂಬ ಪುಟ್ಟ ಹಳ್ಳಿಯಲ್ಲಿ ಹುಟ್ಟಿದ ಅವರು ಬಹುಕಾಲ ಟ್ರ್ಯಾಕ್ ಓಟಗಾರರಾಗಿಯೇ ಇದ್ದರು. 1994ರ ಹೆಲ್ಸಿಂಕಿ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 10,000 ಮೀಟರ್ ಚಿನ್ನ, 5,000 ಮೀಟರ್ ಕಂಚು. ಮೊದಲ ಮ್ಯಾರಥಾನ್ ಓಡಿದ್ದು 1996ರ ಸೆಪ್ಟೆಂಬರ್‌ನಲ್ಲಿ, ಬರ್ಲಿನ್‌ನಲ್ಲಿ. ಆಗ ಅವರಿಗೂ 33. ಗೆದ್ದೇಬಿಟ್ಟರು, 2:09:15ರಲ್ಲಿ.

ಎತ್ತರದ ಮಾತು ಅಷ್ಟು ಸರಿಯಲ್ಲ. ಸೋರಿಯಾ ನಗರ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಮೇಲಿದೆ, ಬೆಂಗಳೂರಿಗಿಂತ ನೂರೈವತ್ತು ಮೀಟರ್‌ನಷ್ಟೇ ಹೆಚ್ಚು. ಆಮ್ಲಜನಕ ಹೊರುವ ಕೆಂಪು ರಕ್ತಕಣ ಗಣನೀಯವಾಗಿ ಹೆಚ್ಚಬೇಕಾದರೆ ಸಾಮಾನ್ಯವಾಗಿ 2,000 ಮೀಟರ್ ಆಸುಪಾಸಿನಲ್ಲಿ ವಾರಗಟ್ಟಲೆ ಇರಬೇಕು. ಸೋರಿಯಾದ ನಿಜವಾದ ಭಾಗ್ಯ ಬೇರೆ: ಓಡಲು ವಾಲೊನ್ಸಾದೆರೊ ಕಾಡಿನ ಮಣ್ಣುದಾರಿಗಳು, ಕಲಿಸಲು ಎನ್ರಿಕೆ ಪಾಸ್ಕುವಲ್ ಎಂಬ ಕೋಚ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಗೆದ್ದ ಫೆರ್ಮಿನ್ ಕಾಚೊ ಕೂಡ ಇದೇ ಗರಡಿಯವರು. ಕೊನೆಯ ಸುತ್ತಿನ ಜಿಗಿತ ಅಲ್ಲಿನ ಮನೆಪಾಠವಿದ್ದಂತೆ!

ಈಗ ಅಥೆನ್ಸ್. ಮ್ಯಾರಥಾನ್ ಊರಿನಿಂದ ಅಮೃತಶಿಲೆಯ ಪಾನಾಥೆನೈಕ್ ಕ್ರೀಡಾಂಗಣದವರೆಗಿನ ಆ ಹಾದಿ ಸುಮಾರು 10ನೇ ಕಿ.ಮೀ.ನಿಂದ 31ರವರೆಗೆ ಏರುತ್ತಲೇ ಹೋಗುತ್ತದೆ, ಆಮೇಲೆ ಇಳಿಜಾರು. ಆಗಸ್ಟ್ ತಿಂಗಳ ಸೆಕೆ ಬೇರೆ. ಫಿಸ್ 1995ರಲ್ಲಿ ಸ್ವೀಡನ್ನಿನ ಯೋಟೆಬೊರಿಯಲ್ಲಿ ಗೆದ್ದ ವಿಶ್ವ ಚಾಂಪಿಯನ್. ಪಟ್ಟ ಉಳಿಸಿಕೊಳ್ಳಲು ಬಂದವರು. ಎದುರಾಳಿಗಳನ್ನು ಮೊದಲೇ ಸುಸ್ತುಮಾಡಿ ಕಳಚಿಕೊಳ್ಳುವುದು ಅವರ ಬಲ. ಆಂಟೊನ್ ಅವರ ಬಲ ಕೊನೆಯ ವೇಗ. ಅಂಥವರು ಮುಂದೆ ಹೋಗಿ ಎಳೆದಿದ್ದರೆ ತಮ್ಮ ಆಯುಧವನ್ನು ತಾವೇ ಮೊಂಡು ಮಾಡಿಕೊಂಡಂತೆ. ಕ್ರೀಡಾಂಗಣ ಹತ್ತಿರವಾಗುವವರೆಗೆ ಕಾದರು, 2:13:16ಕ್ಕೆ ಮುಗಿಸಿದರು. ಫಿಸ್ 2:13:21. ಐದೇ ಸೆಕೆಂಡು.

ಹಿಂದೆ ಓಡುವುದು ಪುಕ್ಕಟೆ ಸವಾರಿ ಅಂದುಕೊಳ್ಳಬೇಡಿ. ಏರಿನಲ್ಲಿ ವೇಗ ತಗ್ಗುವುದರಿಂದ ಗಾಳಿಯ ತಡೆಯಿಂದ ಸಿಗುವ ಉಳಿತಾಯವೂ ತಗ್ಗುತ್ತದೆ; ತಪ್ಪುವುದು ಮುಖ್ಯವಾಗಿ ತಲೆಭಾರ, ಅಂದರೆ ವೇಗ ನಿರ್ಧರಿಸುವ ಹೊಣೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ತೀರಾ ಹತ್ತಿರವಾದರೆ ಮುಂದಿನವರ ಹಿಮ್ಮಡಿ ತಗಲುತ್ತದೆ, ಆದ್ದರಿಂದ ಒಂದು ಮೀಟರ್ ಅಂತರದಲ್ಲಿ ತುಸು ಪಕ್ಕಕ್ಕೆ ಸರಿದು ಓಡಬೇಕು. ಮುಂದಿನವರು ಏಕಾಏಕಿ ವೇಗ ಹೆಚ್ಚಿಸಿದಾಗ ಗಾಬರಿಯಿಂದ ಜಿಗಿದರೆ ಕೆಟ್ಟಿತು. ಐವತ್ತು, ಅರವತ್ತು ಹೆಜ್ಜೆಗಳಲ್ಲಿ ಅಂತರ ಮುಚ್ಚಬೇಕು. ನೀರಿನ ಮೇಜಿನ ಬಳಿ ಮುಂದಿನವರ ಬೆನ್ನು ತಪ್ಪಿಹೋಗುವುದು ಹೆಚ್ಚು.

ಅಥೆನ್ಸ್ ಆಕಸ್ಮಿಕವಾಗಿದ್ದರೆ ಸೆವಿಯಾ ಆಗುತ್ತಿರಲಿಲ್ಲ. 1999ರ ಆಗಸ್ಟ್‌ನಲ್ಲಿ, ಸ್ವದೇಶದ ಆ ಕಡುಬಿಸಿಲಿನ ನಗರದಲ್ಲಿ, 36ನೇ ವಯಸ್ಸಿನಲ್ಲಿ 2:13:36ಕ್ಕೆ ಮತ್ತೆ ಗೆದ್ದರು. ಎರಡನೆಯವರಾದ ಇಟಲಿಯ ಮೋದಿಕಾ 27 ಸೆಕೆಂಡು ಹಿಂದಿದ್ದರು. ವಿಶ್ವ ಮ್ಯಾರಥಾನ್ ಪಟ್ಟವನ್ನು ಉಳಿಸಿಕೊಂಡ ಮೊದಲ ಪುರುಷ ಅವರೇ. ಈ ಸಮಯಗಳು ನಿಧಾನ ಅನ್ನಿಸಿದರೆ, ಚಾಂಪಿಯನ್‌ಷಿಪ್‌ಗಳಲ್ಲಿ ವೇಗ ಕಟ್ಟಿಕೊಡುವ ಪೇಸ್‌ಮೇಕರ್‌ಗಳಿರುವುದಿಲ್ಲ ಎಂಬುದು ನೆನಪಿರಲಿ. 1998ರ ಲಂಡನ್‌ನಲ್ಲಿ ಅವರು ಗೆದ್ದದ್ದು 2:07:57ಕ್ಕೆ, ಕಿಲೋಮೀಟರಿಗೆ ಸುಮಾರು 3:02. ಸಿಡ್ನಿ ಒಲಿಂಪಿಕ್ಸ್ ಮಾತ್ರ ಕೈಹಿಡಿಯಲಿಲ್ಲ: ಆಂಟೊನ್ 53ನೆಯವರು, ಫಿಸ್ ಆರನೆಯವರು. ಫಿಸ್ ಅವರ ಬಗ್ಗೆ ನಿಮಗಿರುವ ಗೌರವ ತಪ್ಪೇನಲ್ಲ, ಆದರೆ ಅದಕ್ಕಾಗಿ ಆಂಟೊನ್ ಅವರನ್ನು ಕಳ್ಳರನ್ನಾಗಿಸುವುದು ಬೇಡ.

ನಿಮ್ಮ ಓಟಕ್ಕೆ ಬರೋಣ. 10 ಕಿ.ಮೀ.ಗೆ 42 ನಿಮಿಷ ಅಂದರೆ ಲೆಕ್ಕದ ಪ್ರಕಾರ ಮ್ಯಾರಥಾನ್ ಸುಮಾರು 3 ಗಂಟೆ 13 ನಿಮಿಷ. ಮೊದಲ ಸಲ ಆ ಲೆಕ್ಕ ನಂಬಬೇಡಿ, ಕಿಲೋಮೀಟರಿಗೆ 5 ನಿಮಿಷ ಇಟ್ಟುಕೊಳ್ಳಿ, 3:31 ಆಗುತ್ತದೆ. ವಾರದ ಉದ್ದ ಓಟವನ್ನು ಎರಡು ಕಿ.ಮೀ.ನಂತೆ ಏರಿಸುತ್ತ 30, 32ಕ್ಕೆ ನಿಲ್ಲಿಸಿ. ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. 10 ಕಿ.ಮೀ. ಓಟಗಾರರು ಎಡವುವುದು ಇಲ್ಲೇ: ಉದ್ದ ಓಟವನ್ನೂ ಸ್ಪರ್ಧೆಯಂತೆ ಓಡಿ ಹಿಮ್ಮಡಿಯ ಸ್ನಾಯುರಜ್ಜು ಕೆಡಿಸಿಕೊಳ್ಳುತ್ತಾರೆ. ಅದನ್ನು 5:30ರಿಂದ 6:00ರ ವೇಗದಲ್ಲಿ ಓಡಿ, ಕೊನೆಯ 3 ಕಿ.ಮೀ. ಮಾತ್ರ 5:00ಕ್ಕೆ ಬನ್ನಿ. ಇರುವ ವೇಗ ಸಾಯದಂತೆ ವಾರಕ್ಕೆರಡು ಸಲ 100 ಮೀಟರಿನ ಆರು ಚುರುಕಾದ, ಆದರೆ ಸಲೀಸಾದ ಓಟ ಇರಲಿ. ಸ್ಪರ್ಧೆಯ ದಿನ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯಂಶ ಹೊಟ್ಟೆಗೆ ಹೋಗಬೇಕು. ಅದಕ್ಕಾಗಿ ತಿನ್ನುವ ಜೆಲ್ಲನ್ನು (ಓಡುತ್ತಲೇ ನುಂಗುವ ಸಿಹಿ ಲೋಳೆ) ಅಭ್ಯಾಸದಲ್ಲೇ ತಿಂದು ನೋಡಿರಬೇಕು. ಮೊದಲ 10 ಕಿ.ಮೀ.ಯನ್ನು 50 ನಿಮಿಷಕ್ಕಿಂತ ಮುಂಚೆ ಮುಗಿಸಬೇಡಿ, ಪಕ್ಕದವರು ಎಷ್ಟೇ ಮುಂದೆ ಹೋಗಲಿ.

— ಸಂ.