ಗುಂಪು ಕಟ್ಟಿದ್ದೀರಿ, ಬಾಗಿಲು ಹಾಕಿಲ್ಲ

ನಮಸ್ಕಾರ.

ಲಾಗಿನ್ ಆಗುವವರನ್ನು ಪರಿಶೀಲಿಸುವ ಫ್ರೀರೇಡಿಯಸ್ ಸರ್ವರ್‌ನಲ್ಲಿ ಎನ್‌ಎಎಸ್‌ಗಳನ್ನು (ಲಾಗಿನ್ ಕೋರಿಕೆ ಕಳಿಸುವ ರೌಟರ್, ಸ್ವಿಚ್‌ನಂಥ ಸಾಧನಗಳನ್ನು) ಹಂಟ್‌ಗ್ರೂಪ್‌ಗಳಾಗಿ, ಅಂದರೆ ಸಾಧನಗಳ ಗುಂಪುಗಳಾಗಿ ವಿಂಗಡಿಸಿ, ಯಾರು ಎಲ್ಲಿ ಲಾಗಿನ್ ಆಗಬಹುದೆಂದು ತೀರ್ಮಾನಿಸುವ ಬಗೆಗಿನ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾರೆವು. ಭಾಷೆ ತಿಳಿಯಾಗಿದೆ, ತೊಂದರೆ ಕಾನ್ಫಿಗರೇಶನ್‌ನಲ್ಲೇ ಇದೆ. ಅದನ್ನು ಹಾಗೆಯೇ ನಕಲು ಮಾಡಿಕೊಂಡವರ ಸರ್ವರ್ ಯಾರನ್ನೂ ತಡೆಯುವುದಿಲ್ಲ.

ಬಳಕೆದಾರರ ಗುಂಪುಗಳ ಷರತ್ತುಗಳಿರುವ ರೇಡ್‌ಗ್ರೂಪ್‌ಚೆಕ್ ಟೇಬಲ್‌ನಲ್ಲಿ 'ಅಡ್ಮಿನ್' ಗುಂಪಿಗೆ 'ಕೋರ್' ಹಂಟ್‌ಗ್ರೂಪ್‌ನ ಸಾಲು ಸೇರಿಸಿ, "ಇನ್ನು ಬೇರೆಯವರಿಗೆ ಪ್ರವೇಶವಿಲ್ಲ" ಎಂದು ಬರೆದಿದ್ದೀರಿ. ಪ್ರವೇಶ ಇದ್ದೇ ಇದೆ. ಗುಂಪಿನ ಷರತ್ತು ಹೊಂದದಿದ್ದರೆ ಸರ್ವರ್ ಆ ಗುಂಪನ್ನು ಬಿಟ್ಟು ಮುಂದೆ ಹೋಗುತ್ತದೆ, ಅಷ್ಟೆ. ಪ್ರತಿ ಬಳಕೆದಾರನ ವಿವರವಿರುವ ರೇಡ್‌ಚೆಕ್ ಟೇಬಲ್‌ನಲ್ಲಿನ ಪಾಸ್‌ವರ್ಡ್ ತಾಳೆಯಾದರೆ ಲಾಗಿನ್ ಆಗಿಯೇ ಆಗುತ್ತದೆ. ತಡೆಯಬೇಕೆಂದರೆ ನಿರಾಕರಣೆಯನ್ನು ಬರೆದೇ ತೀರಬೇಕು: ಸರ್ವರ್ ಕಾನ್ಫಿಗರೇಶನ್‌ನ ಆಥರೈಸ್ ವಿಭಾಗದಲ್ಲಿ, ಹಂಟ್‌ಗ್ರೂಪ್ 'ಕೋರ್' ಆಗಿದ್ದು ಬಳಕೆದಾರ 'ಅಡ್ಮಿನ್' ಗುಂಪಿನಲ್ಲಿ ಇಲ್ಲದಿದ್ದರೆ ರಿಜೆಕ್ಟ್.

ಅದೇ ಸಾಲಿನಲ್ಲಿ ':=' ಹಾಕಿದ್ದೀರಿ. ಅದು ಹೋಲಿಸುವುದಿಲ್ಲ, ಮೌಲ್ಯವನ್ನು ತುಂಬುತ್ತದೆ, ಹಾಗಾಗಿ ಯಾವಾಗಲೂ ಹೊಂದುತ್ತದೆ. ಅಲ್ಲಿ ಬೇಕಿರುವುದು '=='.

ಯಾವ ಸಾಧನ ಯಾವ ಹಂಟ್‌ಗ್ರೂಪ್‌ಗೆ ಸೇರಿದ್ದೆಂದು ಹೇಳುವ ರೇಡ್‌ಹಂಟ್‌ಗ್ರೂಪ್ ಟೇಬಲ್‌ನಿಂದ ಹೆಸರು ತರುವ ಕ್ವೆರಿ, ಆಥರೈಸ್‌ನಲ್ಲಿ ಪ್ರಿಪ್ರೊಸೆಸ್ ಮಾಡ್ಯೂಲ್‌ನ ನಂತರ, ಎಸ್‌ಕ್ಯೂಎಲ್ ಮಾಡ್ಯೂಲ್‌ಗೆ ಮೊದಲು ಇರಬೇಕೆಂದಿದ್ದೀರಿ. ಸರಿಯೇ, ಆದರೆ ಕಾರಣ ಕೊಟ್ಟಿಲ್ಲ. ಪ್ಯಾಕೆಟ್‌ನಲ್ಲಿ ಎನ್‌ಎಎಸ್-ಐಪಿ-ಅಡ್ರೆಸ್ ಇಲ್ಲದಿದ್ದರೆ ಮೂಲ ವಿಳಾಸವನ್ನು ಅಲ್ಲಿ ತುಂಬುವುದು ಪ್ರಿಪ್ರೊಸೆಸ್. ಎನ್‌ಎಎಸ್-ಐಪಿ-ಅಡ್ರೆಸ್ ಮತ್ತು ಕ್ಲೈಂಟ್ಸ್ ಫೈಲ್‌ನಲ್ಲಿರುವ (ಸರ್ವರ್ ಯಾವ ಸಾಧನಗಳ ಕೋರಿಕೆ ಸ್ವೀಕರಿಸಬೇಕೆಂಬ ಪಟ್ಟಿಯಲ್ಲಿರುವ) ವಿಳಾಸ ಒಂದೇ ಎಂದಿರುವುದು ಮಾತ್ರ ತಪ್ಪು. ಕ್ಲೈಂಟ್ಸ್ ಫೈಲ್ ನೋಡುವುದು ಪ್ಯಾಕೆಟ್ ನಿಜವಾಗಿ ಬಂದ ವಿಳಾಸವನ್ನು. ಎನ್‌ಎಎಸ್-ಐಪಿ-ಅಡ್ರೆಸ್ ಸಾಧನ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು. ಲೂಪ್‌ಬ್ಯಾಕ್ ವಿಳಾಸ ಹೇಳುವ ರೌಟರ್, ವಿಳಾಸ ಬದಲಿಸುವ ನ್ಯಾಟ್‌ನ ಹಿಂದೆ ಕುಳಿತ ಸ್ವಿಚ್: ಇವುಗಳಲ್ಲಿ ಎರಡೂ ಬೇರೆಯಾಗುತ್ತವೆ. ಟೇಬಲ್‌ನಲ್ಲಿ ಕ್ಲೈಂಟ್ಸ್ ಫೈಲ್‌ನ ವಿಳಾಸವನ್ನೇ ಬರೆದಿದ್ದರೆ ಆಗ ಕ್ವೆರಿಗೆ ಏನೂ ಸಿಗುವುದಿಲ್ಲ, ಹಂಟ್‌ಗ್ರೂಪ್ ಖಾಲಿ ಬರುತ್ತದೆ, ಮೇಲಿನ ರಿಜೆಕ್ಟ್ ನಿಯಮವೂ ತಗುಲುವುದಿಲ್ಲ. ಟೇಬಲ್‌ಗೆ ಸೇರಿಸಲು ಮರೆತ ಸಾಧನದ್ದೂ ಇದೇ ಕಥೆ, ಎಲ್ಲರಿಗೂ ತೆರೆದುಕೊಂಡಿತು! ಆದ್ದರಿಂದ ಹಂಟ್‌ಗ್ರೂಪ್ ಖಾಲಿಯಿದ್ದರೂ ನಿರಾಕರಿಸುವ ಸಾಲು ಕೂಡಲೇ ಬರಬೇಕು.

ಪರೀಕ್ಷೆಯ ಭಾಗದಲ್ಲಿ ಲಾಗಿನ್ ಪರೀಕ್ಷಿಸುವ ರೇಡ್‌ಟೆಸ್ಟ್ ಕಮಾಂಡ್ ಒಂದೇ ಇದೆ, ಅದೂ ಅಡ್ಮಿನ್ ಖಾತೆಯಲ್ಲಿ. ಒಳಗೆ ಬಿಡುವುದನ್ನು ನೋಡಿ ತಡೆಯುವುದನ್ನು ನಂಬುವುದು ಹೇಗೆ? ರೇಡ್‌ಕ್ಲೈಂಟ್ ಕಮಾಂಡ್ ಬಳಸಿದರೆ ಎನ್‌ಎಎಸ್-ಐಪಿ-ಅಡ್ರೆಸ್ ನಾವೇ ಕೊಡಬಹುದು. ಸಾಮಾನ್ಯ ಬಳಕೆದಾರನಿಂದ 'ಕೋರ್' ವಿಳಾಸಕ್ಕೊಮ್ಮೆ, ಟೇಬಲ್‌ನಲ್ಲಿಲ್ಲದ ವಿಳಾಸಕ್ಕೊಮ್ಮೆ ಕಳಿಸಿ. ಎರಡಕ್ಕೂ ಆಕ್ಸೆಸ್-ರಿಜೆಕ್ಟ್ (ನಿರಾಕರಣೆಯ ಉತ್ತರ) ಬರಬೇಕು. ಟೇಬಲ್ ಬದಲು ಹಂಟ್‌ಗ್ರೂಪ್ಸ್ ಫೈಲ್ ಬಳಸುವವರಿಗೆ, ತಿದ್ದಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡಬೇಕೆಂದೂ ಒಂದು ಸಾಲು ಹೇಳಿ.

ರೇಡಿಯಸ್‌ನ ಇತಿಹಾಸದ ಎರಡು ಪುಟ ತೆಗೆದುಬಿಡಿ. ಬದಲಿಗೆ ಮೊದಲ ಪ್ಯಾರಾದಲ್ಲೇ, ಇಲ್ಲಿ ಎನ್‌ಎಎಸ್ ಎಂದರೆ ಫೈಲ್ ಇಡುವ ಸ್ಟೋರೇಜ್ ಪೆಟ್ಟಿಗೆಯಲ್ಲ ಎಂದು ಬರೆಯಿರಿ. ಆ ಗೊಂದಲ ಬಹಳ ಮಂದಿಗಿದೆ.

ತಿದ್ದಿದ ಪ್ರತಿಯ ಜೊತೆ ಆ ಎರಡು ರಿಜೆಕ್ಟ್‌ಗಳ ಡೀಬಗ್ ಔಟ್‌ಪುಟ್ ಕೂಡ ಕಳಿಸಿ, ಸೀಕ್ರೆಟ್ ಮತ್ತು ಪಾಸ್‌ವರ್ಡ್ ಅಳಿಸಿ.