ಆಕ್ಸಿಜನ್ 91 ಇದ್ದರೆ ಮನೆಗೆ ಮೆಷಿನ್ ಬೇಕಾ?

ನಿಮ್ಮ ತಾಯಿಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ, ಬಹುಕಾಲ ಇರುವ ಶ್ವಾಸಕೋಶದ ಕಾಯಿಲೆ), ಸುಮ್ನೆ ಕೂತಿದ್ದಾಗ ಬೆರಳಿನ ಮೀಟರಿನಲ್ಲಿ ಆಕ್ಸಿಜನ್ ಶೇಕಡಾ 91–92 ತೋರಿಸುತ್ತದೆ, ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಮೆಷಿನ್ ಕೊಂಡುಬಿಡೋಣವಾ ಅಂತ ಕೇಳಿದ್ದೀರಿ. ಈಗಲೇ ಬೇಡ ಅನ್ನಿಸುತ್ತದೆ.

ಮನೆಯಲ್ಲಿ ಆಕ್ಸಿಜನ್ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಅನ್ನುವ ಮಾತಿಗೆ ಮುಖ್ಯ ಆಧಾರ ಎರಡು ಹಳೇ ಅಧ್ಯಯನಗಳು, 1980ರಲ್ಲಿ ಅಮೆರಿಕದ್ದು, 1981ರಲ್ಲಿ ಬ್ರಿಟನ್ನಿನದ್ದು. ಅವುಗಳಲ್ಲಿ ಇದ್ದವರ ರಕ್ತದಲ್ಲಿ ಆಕ್ಸಿಜನ್ ತುಂಬಾ ಕಡಿಮೆ ಇತ್ತು, ಬೆರಳಿಗೆ ಸಿಕ್ಕಿಸುವ ಮೀಟರಿನ ಲೆಕ್ಕದಲ್ಲಿ ಸುಮಾರು 88 ಅಥವಾ ಇನ್ನೂ ಕೆಳಗೆ. ಅಂಥವರೂ ದಿನಕ್ಕೆ ಕನಿಷ್ಠ 15 ಗಂಟೆ ಹಾಕಿಕೊಳ್ಳಬೇಕು, ಉಸಿರು ಕಟ್ಟಿದಾಗ ಹತ್ತು ನಿಮಿಷ ಹಾಕಿ ತೆಗೆದಿಟ್ಟರೆ ಆ ಲಾಭ ಸಿಗುವುದಿಲ್ಲ. ನಿಮ್ಮ ತಾಯಿಯ ಹಾಗೆ 89ರಿಂದ 93 ಇರುವವರು, ನಡೆದಾಗ ಮಾತ್ರ ಇಳಿಯುವವರು, ಹೀಗೆ 738 ಜನರನ್ನು ಸೇರಿಸಿ ಅಮೆರಿಕದಲ್ಲೇ ಇನ್ನೊಂದು ಅಧ್ಯಯನ ನಡೆಯಿತು. 2016ರಲ್ಲಿ ಫಲಿತಾಂಶ ಬಂತು. ಆಕ್ಸಿಜನ್ ಕೊಟ್ಟವರಿಗೂ ಕೊಡದವರಿಗೂ ಸಾವಿನಲ್ಲೂ ವ್ಯತ್ಯಾಸ ಇಲ್ಲ, ಆಸ್ಪತ್ರೆ ಸೇರುವುದರಲ್ಲೂ ಇಲ್ಲ. ಮೆಷಿನ್ ಮಾರುವವರು ಇದನ್ನು ಹೇಳಲ್ಲ ಬಿಡಿ!

ಇನ್ನೊಂದು ವಿಷಯ, 98ಕ್ಕೆ ಏರಿಸಬೇಕು ಅಂತ ಹಟ ಬೇಡ. ಈ ಕಾಯಿಲೆಯಲ್ಲಿ ಕೆಲವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ, ಅದು ಅಪಾಯ.

ಮೊದಲು ಇನ್ಹೇಲರ್ ಹೇಗೆ ಎಳೆಯುತ್ತಾರೆ ನೋಡಿ, ತುಂಬಾ ಜನ ಇಲ್ಲೇ ತಪ್ಪುತ್ತಾರೆ. ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ), ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಉಸಿರಾಟ, ನಡಿಗೆಯ ವ್ಯಾಯಾಮ, ಇವುಗಳ ಬಗ್ಗೆ ಡಾಕ್ಟರನ್ನು ಕೇಳಿ. ಕೂತಿದ್ದಾಗಲೇ 88 ಅಥವಾ ಕಡಿಮೆ ತೋರಿಸತೊಡಗಿದರೆ ತಡ ಮಾಡದೆ ತೋರಿಸಿ, ಎಬಿಜಿ (ಅಪಧಮನಿಯ ರಕ್ತದಲ್ಲಿ ಆಕ್ಸಿಜನ್, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ನೋಡುವ) ರಕ್ತ ಪರೀಕ್ಷೆ ಮಾಡಿಸಬೇಕಾ ಅಂತಲೂ ಕೇಳಿ.