ಆಟೊ ಹರಿಯಲಿ, ಚೌಬಾರಾ ನಿಲ್ಲಲಿ

ಓದುಗರ ಪತ್ರ: ನಮ್ಮೂರಿನ ಚೌಬಾರಾ ಗೋಪುರದ ಸುತ್ತ ಜನ, ಆಟೊ, ಸೈಕಲ್ ಓಡಾಡುವುದನ್ನು ನಿಧಾನ ಶಟರ್‌ನಲ್ಲಿ (ಶಟರ್ ಹೆಚ್ಚು ಹೊತ್ತು ತೆರೆದಿಟ್ಟು) ಹಿಡಿಯಲು ನೋಡುತ್ತಿದ್ದೇನೆ. ಮಧ್ಯಾಹ್ನ ತೆಗೆದದ್ದು ಬೆಳ್ಳಗಾಗುತ್ತದೆ. ಸಂಜೆಯದನ್ನು ನೋಡಿದವರು ‘ಶೇಕ್ ಆಗಿದೆ’ ಎನ್ನುತ್ತಾರೆ. ಸೈಕಲ್ ಸವಾರನ ಜೊತೆ ಕ್ಯಾಮೆರಾ ತಿರುಗಿಸಿದರೆ ಅವನೂ ಮಸುಕು. ಬೇಕೆಂದೇ ತಂದ ಮಸುಕು ಎಂದು ನೋಡುವವರಿಗೆ ತಿಳಿಯುವುದು ಹೇಗೆ?
– ಓದುಗರೊಬ್ಬರು, ಬೀದರ್

ಸಂಪಾದಕರ ಉತ್ತರ: ಕಳಿಸಿದ ಮೂರೂ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆವು. ಸಂಜೆಯ ಫೋಟೊದಲ್ಲಿ ಆಟೊ ಗೆರೆಗೆರೆಯಾಗಿ ಹರಿದಿರುವುದು ತಪ್ಪಲ್ಲ. ಅದರ ಹಿಂದಿನ ಚೌಬಾರಾದ ಅಂಚೂ ಎರಡೆರಡಾಗಿ ಕಾಣುತ್ತಿದೆಯಲ್ಲ, ಕೆಟ್ಟಿರುವುದು ಅಲ್ಲಿ. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಅಷ್ಟು ಕಾಲದಿಂದ ನಿಂತ ಗೋಪುರ ಅಲುಗದು ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಅಲುಗಿದ್ದು ಕ್ಯಾಮೆರಾ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಗೋಪುರದ ಅಂಚು ಗಟ್ಟಿಯಾಗಿ ನಿಂತಿದ್ದರೆ ಅದೇ ಆಟೊ ವೇಗವಾಗಿ ಕಾಣುತ್ತಿತ್ತು. ಆದ್ದರಿಂದ ಬಟನ್ ಒತ್ತುವ ಮೊದಲು ಈ ಚಿತ್ರದಲ್ಲಿ ನಿಲ್ಲಬೇಕಾದದ್ದು ಯಾವುದು ಎಂದು ಗೊತ್ತುಮಾಡಿಕೊಳ್ಳಿ. ಶಟರ್‌ನ ಲೆಕ್ಕ ಆಮೇಲಿನದು.

ಅನುಮಾನ ಬಂದಾಗ ಅಂಗಡಿಯ ಬಲ್ಬುಗಳನ್ನು ನೋಡಿ. ಕೈ ಅಲುಗಿದ್ದರೆ ಎಲ್ಲ ಬಲ್ಬುಗಳೂ ಒಂದೇ ತರಹದ ಪುಟ್ಟ ಕೊಕ್ಕೆಯಾಗಿ ಎಳೆದಿರುತ್ತವೆ. ಬಲ್ಬು ಚುಕ್ಕೆಯಾಗಿಯೇ ಇದ್ದು ಮನುಷ್ಯ ಮಾತ್ರ ಹರಿದಿದ್ದರೆ ಕೈ ಗಟ್ಟಿಯಾಗಿತ್ತು ಎಂದರ್ಥ.

ಇನ್ನು ಎಷ್ಟು ಮಸುಕು ಬೇಕು ಎಂಬುದು. ಸಾಧಾರಣವಾಗಿ ನಡೆಯುವವನು ಗಂಟೆಗೆ 5 ಕಿ.ಮೀ. ಹೋಗುತ್ತಾನೆ, ಅಂದರೆ ಸೆಕೆಂಡಿಗೆ ಸುಮಾರು 1.4 ಮೀಟರ್. 1/30 ಸೆಕೆಂಡಿನಲ್ಲಿ ಅವನು ಸರಿಯುವುದು 5 ಸೆಂ.ಮೀ.; ಅರೆಬರೆ ಮಸುಕು, ತಪ್ಪಿನಂತೆಯೇ ಕಾಣುತ್ತದೆ. 1/8ರಲ್ಲಿ 17 ಸೆಂ.ಮೀ., ಅರ್ಧ ಸೆಕೆಂಡಿನಲ್ಲಿ 70 ಸೆಂ.ಮೀ. ನಮಗೆ ಅತ್ಯಂತ ಇಷ್ಟವಾದದ್ದು 1/8ರ ಆಸುಪಾಸು. ನಡೆಯುವಾಗ ನೆಲಕ್ಕೂರಿದ ಪಾದ ಆ ಗಳಿಗೆಯಲ್ಲಿ ನಿಂತೇ ಇರುತ್ತದೆ, ಎತ್ತಿದ ಪಾದ ದೇಹಕ್ಕಿಂತ ಜೋರಾಗಿ ಬೀಸುತ್ತದೆ. ಹಾಗಾಗಿ ಒಂದು ಚಪ್ಪಲಿಯ ಪಟ್ಟಿ ಸ್ಪಷ್ಟ, ಇನ್ನೊಂದು ಕಾಲು ಬರೀ ಗಾಳಿ. ನಡಿಗೆ ಎಂದರೆ ಏನೆಂದು ಆ ಒಂದು ಪಾದವೇ ತೋರಿಸುತ್ತದೆ. ಅರ್ಧ ಸೆಕೆಂಡು ದಾಟಿದರೆ ಮನುಷ್ಯ ಹೊಗೆಯಾಗುತ್ತಾನೆ. ದೊಡ್ಡ ಗುಂಪಿಗೆ ಮಾತ್ರ ಅದು ಚೆಂದ. 1990ರ ದಶಕದ ಆರಂಭದಲ್ಲಿ ರಷ್ಯಾದ ಛಾಯಾಗ್ರಾಹಕ ಅಲೆಕ್ಸಿ ಟಿಟರೆಂಕೊ ಸೇಂಟ್ ಪೀಟರ್ಸ್‌ಬರ್ಗ್‌ನ ಮೆಟ್ರೊ ನಿಲ್ದಾಣದ ಬಳಿ ತೆಗೆದ ಚಿತ್ರಗಳನ್ನು ಹುಡುಕಿ ನೋಡಿ. ಮೆಟ್ಟಿಲ ಮೇಲಿನ ಜನವೆಲ್ಲ ಕರಗಿದ್ದಾರೆ, ಕಂಬಿ ಹಿಡಿದ ಕೈಗಳು ಮಾತ್ರ ಉಳಿದಿವೆ.

ದೂರದ ಲೆಕ್ಕವನ್ನೂ ಮರೆಯಬೇಡಿ. ಅದೇ 17 ಸೆಂ.ಮೀ. ಚೌಕದ ಆಚೆ ಬದಿಯಲ್ಲಿ ಕಂಡೂ ಕಾಣದಂತಿರುತ್ತದೆ, ಎರಡು ಮೀಟರ್ ಹತ್ತಿರದಲ್ಲಿ ಮುಖವನ್ನೇ ಅಳಿಸುತ್ತದೆ. ನೇರ ನಿಮ್ಮತ್ತ ಬರುವವನು ಅಡ್ಡ ಹೋಗುವವನಿಗಿಂತ ಬಹಳ ಕಡಿಮೆ ಮಸುಕಾಗುತ್ತಾನೆ.

ಮಧ್ಯಾಹ್ನದ ಫೋಟೊ ಬೆಳ್ಳಗಾದದ್ದಕ್ಕೆ ಕಾರಣ ಸರಳ. ನಮ್ಮ ಕಡೆಯ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಎಫ್/16 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟರೆ ಸರಿಯಾದ ಶಟರ್ ಸುಮಾರು 1/100. ನೀವು 1/8 ಇಟ್ಟಿದ್ದೀರಿ. ಮೂರೂವರೆ ಸ್ಟಾಪ್‌ಗಿಂತ ಹೆಚ್ಚು ಬೆಳಕು ನುಗ್ಗಿದೆ (ಒಂದೊಂದು ಸ್ಟಾಪ್‌ಗೂ ಬೆಳಕು ಎರಡು ಪಟ್ಟು). ಎಫ್/22ಕ್ಕೆ ಹೋದರೆ ಸಿಗುವುದು ಒಂದೇ ಸ್ಟಾಪ್, ಮೇಲಾಗಿ ಇಡೀ ಚಿತ್ರದ ಮೊನಚು ಮೊಂಡಾಗುತ್ತದೆ. ಆರು ಸ್ಟಾಪ್ ತಡೆಯುವ ಎನ್‌ಡಿ64 ಫಿಲ್ಟರ್ ಹಾಕಿದರೆ ಎಫ್/8ರಲ್ಲೇ 1/6 ಸಿಗುತ್ತದೆ. ಫಿಲ್ಟರ್‌ಗೆ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಸೂರ್ಯ ಮುಳುಗುವವರೆಗೆ ಕಾಯಿರಿ: ಆಗ ಐಎಸ್‌ಒ 100, ಎಫ್/8ಕ್ಕೆ 1/15ರ ಹತ್ತಿರ ಬರುತ್ತದೆ, ಸ್ವಲ್ಪ ಹೊತ್ತಿಗೆ 1/4. ಐಎಸ್‌ಒವನ್ನು ಕ್ಯಾಮೆರಾ ತಾನೇ ಬದಲಿಸುವ ‘ಆಟೊ’ ಸೆಟ್ಟಿಂಗ್‌ನಲ್ಲಿ ಇಡಬೇಡಿ. ಮೊಬೈಲ್ ಆದರೆ ಶಟರ್ ನೀವೇ ಇಡಬಹುದಾದ ಪ್ರೊ ಮೋಡ್‌ನಲ್ಲಿ, ಸಂಜೆ ಮಾತ್ರ ತೆಗೆಯಿರಿ. ಅದರ ನೈಟ್ ಮೋಡ್ ಹಲವು ಫ್ರೇಮ್ ಸೇರಿಸಿ, ನೀವು ಬಯಸಿದ ಮಸುಕನ್ನೇ ಒರೆಸಲು ನೋಡುತ್ತದೆ.

ಸ್ಟ್ಯಾಂಡ್ ಇಲ್ಲದೆ 1/8 ಹಿಡಿಯಲು ಬೆನ್ನನ್ನು ಗೋಡೆಗೋ ಕಂಬಕ್ಕೋ ಆನಿಸಿ. ಮೊಣಕೈ ಪಕ್ಕೆಗೆ ಒತ್ತಿರಲಿ, ಅರ್ಧ ಉಸಿರು ಬಿಟ್ಟು ನಿಲ್ಲಿಸಿ, ನಾಲ್ಕೈದು ಫ್ರೇಮ್ ಒಟ್ಟಿಗೆ ಹೊಡೆಯಿರಿ. ಬೆರಳು ಒತ್ತುವ ಅಲುಗಾಟ ಮೊದಲ ಫ್ರೇಮಿಗೆ, ಬಿಡುವ ಅಲುಗಾಟ ಕೊನೆಯದಕ್ಕೆ. ಗಟ್ಟಿಯಾದದ್ದು ಹೆಚ್ಚಾಗಿ ನಡುವೆ ಸಿಗುತ್ತದೆ. ಲೆನ್ಸಿನ ಸ್ಟೆಬಿಲೈಸರ್ ನಿಮ್ಮ ಕೈಯ ನಡುಕ ತಡೆದೀತು, ಸೈಕಲ್ ಸವಾರನನ್ನು ನಿಲ್ಲಿಸಲಾರದು.

ಆ ಸವಾರನ ಫೋಟೊದಲ್ಲಿ ನಿಲ್ಲಬೇಕಾದದ್ದು ಅವನ ಮುಖ, ಹರಿಯಬೇಕಾದದ್ದು ಹಿಂದಿನ ಅಂಗಡಿಸಾಲು. ಬಟನ್ ಒತ್ತುವಾಗ ನೀವು ತಿರುಗುವುದನ್ನು ನಿಲ್ಲಿಸಿದ್ದೀರಿ, ಬಹಳ ಮಂದಿಗೆ ಆಗುವುದು ಇದೇ. ಅವನು ಅತಿ ಹತ್ತಿರ ಬರುವ ಜಾಗಕ್ಕೆ ಮೊದಲೇ ಫೋಕಸ್ ಮಾಡಿ, ಪಾದ ಆ ಕಡೆಗೇ ಊರಿ, ಸೊಂಟದಿಂದ ಮೇಲಷ್ಟೇ ಅವನು ಬರುವತ್ತ ತಿರುಗಿ. ದೂರದಿಂದಲೇ ಅವನನ್ನು ಹಿಂಬಾಲಿಸಿ, ಎದುರಿಗೆ ಬಂದಾಗ ಮೆತ್ತಗೆ ಒತ್ತಿ, ಒತ್ತಿದ ಮೇಲೂ ತಿರುಗುತ್ತಲೇ ಇರಿ. ಸೈಕಲ್‌ಗೆ 1/15, ಬೈಕು ಆಟೊಗಳಿಗೆ 1/30ರಿಂದ ಶುರುಮಾಡಿ. ಸ್ಟೆಬಿಲೈಸರ್‌ನಲ್ಲಿ ಪ್ಯಾನಿಂಗ್ (ಹೀಗೆ ತಿರುಗುತ್ತಾ ತೆಗೆಯುವ) ಮೋಡ್ ಇದ್ದರೆ ಅದಕ್ಕೆ ಹಾಕಿ. ಇಲ್ಲದಿದ್ದರೆ ಕೆಲವು ಕ್ಯಾಮೆರಾಗಳಲ್ಲಿ ಅದು ನಿಮ್ಮ ತಿರುಗಾಟದ ಜೊತೆಗೇ ಜಗ್ಗಾಡುತ್ತದೆ. ಎಲೆಕ್ಟ್ರಾನಿಕ್ ಶಟರ್ ಬೇಡ, ಹಿಂದಿನ ಕಂಬಗಳು ವಾಲುತ್ತವೆ.

ಫ್ಲ್ಯಾಶ್ ಬಳಸುವವರಿದ್ದಾರೆ. ಬಳಸಿದರೆ ರಿಯರ್ ಕರ್ಟನ್‌ಗೆ (ಶಟರ್ ಮುಚ್ಚುವ ತುಸು ಮೊದಲು ಫ್ಲ್ಯಾಶ್ ಮಿಂಚುವಂತೆ) ಇಡಿ, ಮಸುಕಿನ ಬಾಲ ಸವಾರನ ಹಿಂದೆ ಬರುತ್ತದೆ. ಇಲ್ಲವಾದರೆ ಅವನು ಹಿಮ್ಮುಖ ಹೋದಂತಿರುತ್ತದೆ. ಆದರೂ ಸಂಜೆಗತ್ತಲಲ್ಲಿ ಗಾಡಿ ಓಡಿಸುವವರ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದನ್ನು ನಾವು ಒಪ್ಪುವುದಿಲ್ಲ.

ರಸ್ತೆಗಿಂತ ಮೊದಲು ಕೈ ಪಳಗಬೇಕಾದರೆ ಬಿದ್ರಿ ಕೆಲಸದವರ ಅಂಗಡಿಗೆ ಹೋಗಿ, ಕೇಳಿಕೊಂಡು ಕೂರಿ. ಹೂಜಿಯೂ ಉಳಿ ಹಿಡಿದ ಎಡಗೈಯೂ ಅಲುಗುವುದಿಲ್ಲ, ಬಲಗೈಯ ಸುತ್ತಿಗೆ ಮಾತ್ರ ಬಿಡದೆ ಆಡುತ್ತದೆ. 1/30, 1/15, 1/8 ಮೂರರಲ್ಲೂ ತೆಗೆದು ಸುತ್ತಿಗೆ ಯಾವುದರಲ್ಲಿ ಇನ್ನೂ ಸುತ್ತಿಗೆಯಾಗಿ ಉಳಿದಿದೆ ನೋಡಿ. ಆ ಮೂರನ್ನೂ ಕ್ರಾಪ್ ಮಾಡದೆ ನಮಗೆ ಕಳಿಸಿ.